ಬೋರ್ಡಿಗೆ ಅರ್ಜೆಂಟ್ ಬೇಕು: ‘ಸಸ್ಟೈನಬಲ್ ಓಕ್’ ಕನ್ನಡದಲ್ಲಿ ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹತ್ತಿರದ ಒಂದು ವಿಸ್ಕಿ ಕಾರ್ಖಾನೆಗೆ ಬೋರ್ಡ್ ಬರೆದುಕೊಡುತ್ತಿದ್ದೇನೆ, ನೋಡಲು ಬರುವವರಿಗಾಗಿ. ಒಂದೇ ಸಾಲು ಸತಾಯಿಸುತ್ತಿದೆ. ‘ಸುಸ್ಥಿರವಾಗಿ ನಿರ್ವಹಿಸಲ್ಪಟ್ಟ ಅರಣ್ಯಗಳಿಂದ ಪಡೆಯಲಾದ ಓಕ್ ಮರದ ಪೀಪಾಯಿಗಳು’ ಅಂತ ಬರೆದೆ. ಅಲ್ಲಿನ ಹುಡುಗ ಓದಿ, ‘ಸಾರ್, ಟೆಂಡರ್ ನೋಟೀಸಾ?’ ಅಂದ. ಓಕ್‌ಗೆ ನಮ್ಮಲ್ಲಿ ಪದ ಇದೆಯಾ? ಪೀಪಾಯಿಯ ಹಲಗೆಗೆ ಬೇರೆ ಹೆಸರಿದೆಯಾ? ನಾಳೆ 11ಕ್ಕೆ ಪ್ರಿಂಟಿಗೆ ಹೋಗಬೇಕು.

ಮರು:
‘ಲ್ಪಟ್ಟ’ ಮೊದಲು ತೆಗೆಯಿರಿ. ಅದು ಕಂಡರೆ ನಾನು ಮುಂದೆ ಓದುವುದಿಲ್ಲ. ಓಕ್ ಕೂಡ ಬೇಡ. ಹಿಂದಿಯವರಿಗೆ ಬಲೂತ್ ಇದೆ, ನಮಗೇನು ಬರಗಾಲವೇ? ‘ಗಟ್ಟಿಮರ’ ಅನ್ನಿ. ಇಂಗ್ಲಿಷನ್ನು ಹೀಗೇ ಒಳಗೆ ಬಿಟ್ಟುಕೊಂಡರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಮಾತ್ರ.

ಮರು:
ಬೀಟೆ, ಹೊನ್ನೆ, ಮತ್ತಿ ಎಲ್ಲವೂ ಗಟ್ಟಿಮರವೇ. ಓದುವವನು ಯಾವುದು ಅಂದುಕೊಳ್ಳಬೇಕು? ಬಲೂತ್ ಹಿಂದಿಯ ಸ್ವಂತದ್ದಲ್ಲ, ಅರಬ್ಬಿಯದು. ಓಕ್ ನಿಜವಾಗಿ ಬೆಳೆಯುವ ಉತ್ತರಾಖಂಡದ ಕುಮಾವೂಂನಲ್ಲಿ ಜನ ‘ಬಾಂಜ್’ ಅನ್ನುತ್ತಾರೆ. ಮರ ಕಂಡವರು ಹೆಸರಿಟ್ಟರು. ನಮ್ಮ ಘಟ್ಟದಲ್ಲಿ ಆ ಮರವೇ ಇಲ್ಲ, ಹೆಸರು ಎಲ್ಲಿಂದ ಬರಬೇಕು? ಅಂದ ಹಾಗೆ ‘ಪೀಪಾಯಿ’ಯನ್ನು ಸುಮ್ನೆ ಬಿಟ್ಟಿರಲ್ಲ! ಅದು ಪೋರ್ಚುಗೀಸರ ‘ಪೀಪ’.

ಆದರೆ ಬರೀ ‘ಓಕ್’ ಸಾಲದು. ಕೊಡಗು, ಚಿಕ್ಕಮಗಳೂರಿನವರಿಗೆ ಕಾಫಿ ತೋಟದ ಸಿಲ್ವರ್ ಓಕ್ ನೆನಪಾಗುತ್ತದೆ. ಅದು ಆಸ್ಟ್ರೇಲಿಯಾದ ಮರ, ಓಕ್‌ಗೆ ದೂರದ ನೆಂಟನೂ ಅಲ್ಲ. ಯಾವ ದೇಶದ್ದು ಅಂತ ಸೇರಿಸಿ. ಹಲಗೆಯ ಹೆಸರಿಗೂ ಅದೇ ಬೇಕು. ಫ್ರಾನ್ಸಿನ ಓಕ್ ಆದರೆ ‘ಸೀಳು ಹಲಗೆ’. ಅದನ್ನು ನಾರಿನ ಗುಂಟ ಸೀಳುತ್ತಾರೆ, ಅಡ್ಡಾದಿಡ್ಡಿ ಕೊಯ್ದರೆ ಪೀಪಾಯಿ ಸೋರುತ್ತದೆ. ಅಮೆರಿಕದ ಬಿಳಿ ಓಕ್‌ನಲ್ಲಿ ನೀರು ಹರಿಯುವ ಸಣ್ಣ ಕೊಳವೆಗಳು ತಾವೇ ಮುಚ್ಚಿಕೊಂಡಿರುತ್ತವೆ. ಗರಗಸ ಹಾಕಿದರೂ ನಡೆಯುತ್ತದೆ. ಅದಕ್ಕೆ ‘ಹಲಗೆ’ ಸಾಕು.

ಮರು:
ಮರ, ಹಲಗೆ ಆಯಿತು. ಕಾಡನ್ನು ಯಾರೂ ಮುಟ್ಟಲಿಲ್ಲ! ನನ್ನ ತಕರಾರು ‘ಸುಸ್ಥಿರ’ದ ಮೇಲೆ. ಚೆನ್ನಾಗಿ ಅಲ್ಲಾಡದೆ ನಿಂತದ್ದು ಅಂತಲ್ವಾ ಅರ್ಥ? ಕಾಡು ಓಡಿಹೋಗುತ್ತಿತ್ತೇ? ಈ ಯೋಚನೆಗೆ ಹೆಸರು ಸಿಕ್ಕಿದ್ದೇ ಕಾಡಿನ ಲೆಕ್ಕದಲ್ಲಿ. 1713ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿ ಅಧಿಕಾರಿ ಕಾರ್ಲೋವಿಟ್ಸ್ ಅದನ್ನು ಪುಸ್ತಕದಲ್ಲಿ ಬರೆದ. ಗಣಿಗೂ ಕುಲುಮೆಗೂ ಮರ ಸಾಲದೆ ಹೋಗುತ್ತಿದ್ದ ಕಾಲ. ತಿರುಳು ಇಷ್ಟೇ: ಬೆಳೆಯುವುದಕ್ಕಿಂತ ಜಾಸ್ತಿ ಕಡಿಯಬೇಡಿ. ಫ್ರಾನ್ಸಿನ ತ್ರೋನ್ಸೆ ಕಾಡಿನ ಓಕ್ ಪೀಪಾಯಿಗೆ ಬರಲು 150 ವರ್ಷಕ್ಕೂ ಜಾಸ್ತಿ ಬೇಕು. ನೆಟ್ಟವನ ಮೊಮ್ಮಗನೂ ಕೊಡಲಿ ಎತ್ತುವ ಹಾಗಿಲ್ಲ. ‘ಬೆಳೆದಷ್ಟೇ ಕಡಿಯುವ ಕಾಡು’ ಅನ್ನಿ. ಟೆಂಡರ್ ವಾಸನೆ ಹೋಗುತ್ತದೆ.

ಮರು:
ತುಂಬಾ ಥ್ಯಾಂಕ್ಸ್. ವಿಚಾರಿಸಿದೆ, ಮರ ಅಮೆರಿಕದ್ದಂತೆ. ಹೀಗೆ ಕಳಿಸಿದೆ: ‘ಈ ಪೀಪಾಯಿಗಳು ಅಮೆರಿಕದ ಬಿಳಿ ಓಕ್ ಮರದವು. ಬೆಳೆದಷ್ಟೇ ಕಡಿಯುವ ಕಾಡಿನಿಂದ ಬಂದವು.’

ಮರು:
ಕಾಡು ಸರಿ. ಓಕ್‌ಗೆ ನನ್ನ ವಿರೋಧ ದಾಖಲಾಗಲಿ.

ಮರು:
‘ದಾಖಲು’ ಅರಬ್ಬಿ.