ಉಜ್ಜಿದ ಮೂರೇ ವಾರಕ್ಕೆ ಮತ್ತೆ ಬಿಳಿಚಿಕೊಂಡ ಕೆಂಪು ಮಾರುತಿ 800: ತಪ್ಪಿದ್ದೆಲ್ಲಿ?

ಪ್ರಶ್ನೆ (ಕಾರವಾರದ ಕೋಡಿಬಾಗದಿಂದ, ಮೇ ಕೊನೆಯ ವಾರ)

ನನ್ನ ಬಳಿ 2003ರ ಕೆಂಪು ಮಾರುತಿ 800 ಇದೆ. ಮನೆಗೆ ಶೆಡ್ ಇಲ್ಲದ ಕಾರಣ ಅದು ಇಷ್ಟು ವರ್ಷವೂ ಅಂಗಳದ ಬಿಸಿಲಿನಲ್ಲೇ ನಿಂತಿದೆ. ಬಾನೆಟ್, ಟಾಪ್ ಮತ್ತು ಡಿಕ್ಕಿ ಸುಣ್ಣ ಸವರಿದಂತೆ ಬಿಳಿಚಿಕೊಂಡಿದ್ದು, ಕೈಯಾಡಿಸಿದರೆ ಬೆರಳಿಗೆ ತಿಳಿಗುಲಾಬಿ ಬಣ್ಣದ ಹುಡಿ ಹತ್ತುತ್ತದೆ. ಬಾಗಿಲುಗಳು ಮಾತ್ರ ಈಗಲೂ ತಕ್ಕಮಟ್ಟಿಗೆ ಕೆಂಪಾಗಿವೆ. ನೀರು ಹೊಯ್ದು ಒದ್ದೆಯಾದಾಗ ಇಡೀ ಕಾರು ಹೊಸದರಂತೆ ಕಾಣುತ್ತದೆ. ಒಣಗಿದ ಕೂಡಲೇ ಮತ್ತೆ ಅದೇ ಅವಸ್ಥೆ. ತೆಂಗಿನೆಣ್ಣೆ ಒರೆಸಿಯೂ ನೋಡಿದೆ. ಎರಡು ದಿನ ಹೊಳೆದು, ಮೂರನೆಯ ದಿನ ಬೀದಿಯ ಧೂಳನ್ನೆಲ್ಲ ಮೈಗಂಟಿಸಿಕೊಂಡಿತು.

ಕಳೆದ ತಿಂಗಳು ಪರಿಚಯದ ವೆಲ್ಡಿಂಗ್ ಶಾಪಿನಿಂದ ಮಷೀನ್ ತಂದು, ಉಣ್ಣೆಯ ಪ್ಯಾಡ್ ಸಿಕ್ಕಿಸಿ, ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೇಲ್ಮೈ ಸವೆಸುವ ತರಿಯಾದ ಪೇಸ್ಟ್) ಹಾಕಿ ಬಾನೆಟ್ ಉಜ್ಜಿದೆ. ಅಂದು ಸಂಜೆ ಮುಖ ಕಾಣುವಷ್ಟು ಹೊಳಪು ಬಂತು, ಆದರೆ ಮೂರು ವಾರ ಕಳೆಯುವಷ್ಟರಲ್ಲಿ ಮತ್ತೆ ಬಿಳಿಚಿಕೊಂಡಿತು. ಪ್ಯಾಡ್ ತುಂಬ ಕೆಂಪು ಬಣ್ಣ ಹತ್ತಿದ್ದು ನೋಡಿ ಗಾಬರಿಯೂ ಆಯಿತು. ಬಾನೆಟ್ಟಿನ ಏಣಿನ ಮೇಲೆ ಒಂದು ಗೇಣಿನಷ್ಟು ಉದ್ದಕ್ಕೆ ಬೂದು ಬಣ್ಣದ ಗೆರೆ ಎದ್ದಿದೆ. ಟಾಪಿನ ಮೇಲಿರುವ ಬಿಳಿ ಕಲೆಗಳಂತೂ ಉಜ್ಜಿದಷ್ಟೂ ಅಗಲವಾಗುತ್ತಿವೆ. ಸಮುದ್ರದ ಉಪ್ಪುಗಾಳಿಯೇ ಇದಕ್ಕೆಲ್ಲ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಮಳೆಗಾಲಕ್ಕೆ ಮೊದಲು ಏನಾದರೂ ಮಾಡಲು ಸಾಧ್ಯವೇ?

ಉತ್ತರ (ಶಿರಸಿಯಿಂದ)

ಮೊದಲು ಆ ಮಷೀನನ್ನು ಹಿಂದಿರುಗಿಸಿ ಬನ್ನಿ. ವೆಲ್ಡಿಂಗ್ ಶಾಪಿನಲ್ಲಿ ಸಿಗುವುದು ಕಬ್ಬಿಣ ಕತ್ತರಿಸುವ ಹ್ಯಾಂಡ್ ಗ್ರೈಂಡರ್; ನಾಲ್ಕು ಇಂಚಿನದಾದರೆ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಬಣ್ಣ ಉಜ್ಜುವ ರೋಟರಿ ಪಾಲಿಷರನ್ನು ನಾವು 1,000ದಿಂದ 1,800 ಸುತ್ತಿನೊಳಗೆ ಓಡಿಸುತ್ತೇವೆ. ಏಣಿನ ಮೇಲೆ ಬಣ್ಣದ ಪದರ ಸಹಜವಾಗಿಯೇ ತೆಳ್ಳಗಿರುತ್ತದೆ, ಒತ್ತಡವೂ ಅಲ್ಲೇ ಹೆಚ್ಚು ಬೀಳುತ್ತದೆ. ನಿಮಗೆ ಕಾಣುತ್ತಿರುವ ಬೂದು ಗೆರೆ ಪ್ರೈಮರ್, ಅಂದರೆ ಬಣ್ಣದ ಅಡಿಯಲ್ಲಿರುವ ತಳಲೇಪ. ಅಲ್ಲಿ ಬಣ್ಣ ಸಂಪೂರ್ಣ ಸವೆದುಹೋಗಿದೆ, ಇನ್ನು ಯಾವ ಪಾಲಿಷೂ ಅದನ್ನು ಮರಳಿ ತರದು.

ಇನ್ನು ಉಪ್ಪುಗಾಳಿಯ ಮಾತು. ನಿಮ್ಮ ಪ್ರಶ್ನೆಯಲ್ಲೇ ಇದಕ್ಕೆ ಉತ್ತರವಿದೆ. ಗಾಳಿಯೇ ಕಾರಣವಾಗಿದ್ದರೆ ಬಾಗಿಲುಗಳೂ ಅಷ್ಟೇ ಬಿಳಿಚಬೇಕಿತ್ತು, ಏಕೆಂದರೆ ಗಾಳಿ ಎಲ್ಲ ಕಡೆಯಿಂದಲೂ ತಾಗುತ್ತದೆ. ಆಕಾಶಕ್ಕೆ ಮುಖ ಮಾಡಿರುವ ಭಾಗಗಳಷ್ಟೇ ಬಿಳಿಚಿವೆ ಎಂದ ಮೇಲೆ ಅಪರಾಧಿ ಬಿಸಿಲು. ಸಮುದ್ರದ ಸುಳಿವೂ ಇಲ್ಲದ ನಮ್ಮ ಶಿರಸಿಯಲ್ಲಿ, ಅಡಿಕೆ ಅಂಗಳದ ಮೂಲೆಯಲ್ಲಿ ನಿಂತ ಕಾರುಗಳಿಗೂ ಇದೇ ಗತಿ. ಬಿಸಿಲಿನ ನೇರಳಾತೀತ ಕಿರಣಗಳು ಬಣ್ಣದ ಮೇಲ್ಪದರದ ರಾಳವನ್ನು ಒಡೆಯುತ್ತವೆ. ರಾಳದ ಹಿಡಿತ ತಪ್ಪಿದ ಬಣ್ಣದ ಕಣಗಳು ಹುಡಿಯಾಗಿ ಮೇಲೆ ಉಳಿಯುತ್ತವೆ. ಆ ಒರಟು ಮೈ ಬೆಳಕನ್ನು ಚದುರಿಸುವುದರಿಂದ ಬೆಳ್ಳಗೆ ಕಾಣುತ್ತದೆ. ನೀರೋ ಎಣ್ಣೆಯೋ ಆ ತಗ್ಗುಗಳನ್ನು ತುಂಬಿದಾಗ ಚದುರುವಿಕೆ ನಿಂತು ಕೆಂಪು ಮರಳಿದಂತೆ ತೋರುತ್ತದೆ. ಬೈತಖೋಲ ಬಂದರಿನ ಹಳೆಯ ಫೈಬರ್ ದೋಣಿಗಳ ಮೈ ಮುಟ್ಟಿ ನೋಡಿ, ಅಲ್ಲಿಯೂ ಇದೇ ಹುಡಿ. ಉಪ್ಪಿನ ಕೆಲಸ ಬೇರೆ: ಬಣ್ಣ ಕಿತ್ತ ಜಾಗದಲ್ಲಿ ತೇವ ಹಿಡಿದಿಟ್ಟು ತುಕ್ಕು ಬರಿಸುವುದು.

ಪ್ಯಾಡ್ ಕೆಂಪಾದದ್ದಕ್ಕೆ ಗಾಬರಿ ಬೇಡ. ಕ್ಲಿಯರ್ ಕೋಟ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ) ಇಲ್ಲದ, ಒಂದೇ ಪದರದ ಬಣ್ಣದಲ್ಲಿ ಹಾಗಾಗುವುದು ಸಹಜ. ಬಾಗಿಲಿನ ಮೂಲೆಯಲ್ಲಿ ಬಿಳಿ ಬಟ್ಟೆಗೆ ತುಸು ಪಾಲಿಷ್ ಹಾಕಿ ತಿಕ್ಕಿ. ಬಟ್ಟೆ ಕೆಂಪಾದರೆ ಅಲ್ಲಿಯೂ ಒಂದೇ ಪದರ, ಬೆಳ್ಳಗೇ ಉಳಿದರೆ ಮೇಲೆ ಕ್ಲಿಯರ್ ಕೋಟ್ ಇದೆ ಎಂದರ್ಥ. ಟಾಪಿನಲ್ಲೂ ಇದೇ ಪರೀಕ್ಷೆ ಮಾಡಿ, ಬಿಳಿ ಕಲೆಯ ಅಂಚಿಗೆ ಉಗುರು ತಾಗುತ್ತದೆಯೇ ಎಂದು ನೋಡಿ ತಿಳಿಸಿ.

ಮೂರು ವಾರಕ್ಕೆ ಹೊಳಪು ಹೋದದ್ದೇಕೆಂದರೆ, ಸತ್ತ ಬಣ್ಣ ಪೂರ್ತಿ ಹೋಗಿರಲಿಲ್ಲ. ಇಂಥ ಬಣ್ಣದ ಮೇಲೆ ಪ್ಯಾಡ್ ನಾಲ್ಕೈದು ನಿಮಿಷದಲ್ಲೇ ಹುಡಿ ತುಂಬಿ ಗಟ್ಟಿಯಾಗುತ್ತದೆ; ಆಮೇಲೆ ಅದು ಕೆತ್ತುವುದಿಲ್ಲ, ತೆಗೆದದ್ದನ್ನೇ ತಿರುಗಿ ಬಳಿಯುತ್ತದೆ. ಕಾಂಪೌಂಡಿನಲ್ಲಿರುವ ಎಣ್ಣೆ ಆ ಒರಟುತನವನ್ನು ಮುಚ್ಚಿ ಅಂದಿನ ಮಟ್ಟಿಗೆ ಹೊಳಪು ತೋರಿಸುತ್ತದೆ. ನಿಮ್ಮ ತೆಂಗಿನೆಣ್ಣೆಯ ಪ್ರಯೋಗವೇ ತುಸು ದುಬಾರಿ ರೂಪದಲ್ಲಿ ನಡೆದಿದೆ, ಅಷ್ಟೆ. ಮೇಲೆ ರಕ್ಷಣೆಗೆಂದು ವ್ಯಾಕ್ಸ್ ಕೂಡ ಹಾಕಿರಲಾರಿರಿ.

ಮತ್ತೆ ಮಾಡುವುದಾದರೆ ಡಿಎ (ಡ್ಯುಯಲ್ ಆಕ್ಷನ್) ಪಾಲಿಷರ್ ಬಾಡಿಗೆಗೆ ತನ್ನಿ. ಅದು ತಿರುಗುತ್ತ ಓಲಾಡುವುದರಿಂದ ಒಂದೇ ಕಡೆ ಶಾಖ ಕೂಡುವುದಿಲ್ಲ. ಕಲಿಯುವವರ ಕೈಯಲ್ಲಿ ಬಣ್ಣ ಸುಡುವ ಭಯ ಬಹಳ ಕಡಿಮೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಏಕೆಂದರೆ ಮರಳಿನ ಒಂದು ಕಣ ಪ್ಯಾಡಿಗೆ ಸಿಕ್ಕಿದರೂ ಇಡೀ ಬಾನೆಟ್ಟಿಗೆ ಗೀರು. ನೆರಳಿನಲ್ಲಿ, ತಣ್ಣಗಿರುವ ತಗಡಿನ ಮೇಲಷ್ಟೇ ಕೆಲಸ ಮಾಡಿ. ಏಣು ಮತ್ತು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಎರಡಡಿ ಚೌಕಕ್ಕೆ ಬಟಾಣಿ ಗಾತ್ರದ ನಾಲ್ಕು ಹನಿ ಕಾಂಪೌಂಡ್ ಸಾಕು. ಕಡಿಮೆ ವೇಗದಲ್ಲಿ ಹರಡಿ, ಬಳಿಕ ಮಷೀನಿನ ಡಯಲ್ಲಿನ 4 ಅಥವಾ 5ನೆಯ ವೇಗದಲ್ಲಿ, ಒಂದು ಸಾಲಿನ ಅರ್ಧವನ್ನು ಮುಂದಿನ ಸಾಲು ಮುಚ್ಚುವಂತೆ, ಆರತಿ ಎತ್ತುವಷ್ಟು ನಿಧಾನವಾಗಿ ಕೈ ಸಾಗಲಿ. ಪ್ರತಿ ಚೌಕ ಮುಗಿದ ಮೇಲೂ ಬ್ರಷ್ಷಿನಿಂದ ಪ್ಯಾಡ್ ಕೊಡವಿ. ಐದಾರು ಪ್ಯಾಡ್ ಇದ್ದರೆ ಇನ್ನೂ ಒಳಿತು. ತಗಡಿನ ಮೇಲೆ ಅಂಗೈ ಇಟ್ಟುಕೊಂಡಿರಲಾಗದಷ್ಟು ಬಿಸಿಯಾದರೆ ನಿಲ್ಲಿಸಿ.

ಮೊದಲ ಚೌಕ ಮುಗಿಸಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ನಾಲ್ಕು ಪಾಲು ನೀರಿಗೆ ಬೆರೆಸಿ ಒರೆಸಿ ನೋಡಿ. ಎಣ್ಣೆ ಹೋದ ಮೇಲೂ ಕೆಂಪು ಉಳಿದರೆ ಅದು ನಿಜವಾದ ಕೆಂಪು. ಮಂಕಾದರೆ ಅದೇ ಚೌಕವನ್ನು ಮತ್ತೊಮ್ಮೆ ಉಜ್ಜಿ, ಮುಂದಕ್ಕೆ ಹೋಗಬೇಡಿ. ಕೊನೆಗೆ ಮೆದು ಪ್ಯಾಡಿನಿಂದ ಫಿನಿಷಿಂಗ್ ಪಾಲಿಷ್, ಅದೇ ದಿನ ವ್ಯಾಕ್ಸ್ ಅಥವಾ ಸೀಲಂಟ್.

ಪ್ರಶ್ನಿಸಿದವರ ಮರುನುಡಿ

ಅದು ಗ್ರೈಂಡರೇ ಹೌದು, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಬಾಗಿಲಿನಲ್ಲಿ ತಿಕ್ಕಿದ ಬಟ್ಟೆ ಕೆಂಪಾಯಿತು, ಟಾಪಿನಲ್ಲಿ ತಿಕ್ಕಿದ್ದು ಬೆಳ್ಳಗೇ ಉಳಿಯಿತು. ಕಲೆಯ ಅಂಚಿಗೆ ಉಗುರು ಸಿಕ್ಕಿತಲ್ಲದೆ, ಈರುಳ್ಳಿಯ ಒಳಸಿಪ್ಪೆಯಂಥ ಪಾರದರ್ಶಕ ಚೂರೊಂದು ಎದ್ದೂ ಬಂತು. ಈಗ ನೆನಪಾಗುತ್ತಿದೆ: ಏಳೆಂಟು ವರ್ಷಗಳ ಹಿಂದೆ ತೆಂಗಿನಕಾಯಿ ಬಿದ್ದು ಟಾಪ್ ನೆಗ್ಗಿದಾಗ ಒಂದು ಗ್ಯಾರೇಜಿನಲ್ಲಿ ಅದಕ್ಕೆ ಹೊಸದಾಗಿ ಪೇಂಟ್ ಹೊಡೆಸಿದ್ದೆ.

ಉತ್ತರ (ಕುಮಟಾದಿಂದ)

ಪೇಂಟಿಂಗ್ ನನ್ನ ವೃತ್ತಿಯಾದ್ದರಿಂದ ಟಾಪಿನ ವಿಷಯವನ್ನಷ್ಟೇ ಹೇಳುತ್ತೇನೆ. ಕ್ಲಿಯರ್ ಕೋಟ್ ಒಮ್ಮೆ ಎದ್ದಮೇಲೆ ಪಾಲಿಷ್ ಮಾಡುವುದೆಂದರೆ ಹರಿದ ಬಟ್ಟೆಯನ್ನು ಒಗೆದು ಒಗೆದು ದೊಡ್ಡ ತೂತು ಮಾಡಿಕೊಂಡಂತೆ. ಕಲೆಯ ಮೇಲಷ್ಟೇ ಹೊಸ ಕ್ಲಿಯರ್ ಸ್ಪ್ರೇ ಮಾಡಿದರೂ ಅಂಚು ಮತ್ತೆ ಏಳುತ್ತದೆ. ಗಟ್ಟಿಯಾಗಿ ಹಿಡಿದಿರುವ ಪದರದವರೆಗೆ ತಿಕ್ಕಿ ಇಡೀ ಟಾಪಿಗೆ ಬಣ್ಣ ಹೊಡೆಯಬೇಕು. ಆದರೆ ಈಗ ಬೇಡ. ನಮ್ಮ ಕರಾವಳಿಯ ಮಳೆಗಾಲದ ತೇವದಲ್ಲಿ ಹೊಡೆದ ಬಣ್ಣ ಒಣಗುವಾಗಲೇ ಹಾಲಿನಂತೆ ಮಂಜಾಗುವ ಸಂಭವವಿದೆ, ದೀಪಾವಳಿ ಕಳೆಯಲಿ. ಬೂದು ಗೆರೆಗೆ ಮಾತ್ರ ಇದೇ ವಾರ ಟಚಪ್ ಮಾಡಿಕೊಳ್ಳಿ. ಪ್ರೈಮರ್ ತೇವ ಹೀರುತ್ತದೆ, ಬರಿಮೈಯಲ್ಲಿ ಮಳೆಗಾಲ ಕಳೆದರೆ ಅದರಡಿಯ ತಗಡು ತುಕ್ಕು ಹಿಡಿಯುತ್ತದೆ.

ಶಿರಸಿಯವರ ಮಾತಿಗೆ ಒಂದು ಸಣ್ಣ ತಿದ್ದುಪಡಿ: ಇಷ್ಟು ಒಣಗಿದ ಒಂದೇ ಪದರದ ಬಣ್ಣಕ್ಕೆ ನೇರವಾಗಿ ಮಷೀನ್ ಇಡಬೇಡಿ. ಎಣ್ಣೆಯಂಶ ಹೆಚ್ಚಿರುವ ಗ್ಲೇಜನ್ನು (ಹೊಳಪಿನ ಕ್ರೀಮನ್ನು) ಕೈಯಿಂದ ದಪ್ಪಗೆ ಹಚ್ಚಿ, ಒಂದು ರಾತ್ರಿ ಬಿಟ್ಟು ಒರೆಸಿ ತೆಗೆದರೆ ಅರ್ಧ ಹುಡಿ ಅದರೊಂದಿಗೇ ಬರುತ್ತದೆ.

ಪ್ರಶ್ನಿಸಿದವರಿಂದ (ನವೆಂಬರ್)

ಜೂನ್ ಮೊದಲ ವಾರ ನೆರೆಮನೆಯವರ ಶೆಡ್ಡಿನಲ್ಲಿ ಎರಡು ದಿನ ಕೆಲಸ ಮಾಡಿದೆ. ಗ್ಲೇಜ್ ಹಚ್ಚಿ ಒಂದು ರಾತ್ರಿ ಬಿಟ್ಟದ್ದು ನಿಜವಾಗಿಯೂ ಉಪಯೋಗಕ್ಕೆ ಬಂತು. ಮೊದಲ ಚೌಕಕ್ಕೇ ಒಂದೂವರೆ ಗಂಟೆ ಹಿಡಿಯಿತು. ಆಲ್ಕೊಹಾಲ್ ಒರೆಸಿದಾಗ ಎರಡು ಸಲ ಮಂಕಾಗಿ, ಮೂರನೆಯ ಸಲ ಕೆಂಪು ಹಾಗೆಯೇ ನಿಂತಿತು. ಪ್ಯಾಡ್ ತೊಳೆದ ಬಕೆಟ್ಟಿನ ನೀರು ಓಕುಳಿಯಂತಾಗಿತ್ತು. ಮಧ್ಯೆ ವೋಲ್ಟೇಜ್ ಇಳಿದು ಮಷೀನ್ ನರಳಿದ್ದರಿಂದ ಡಿಕ್ಕಿಯ ಕೆಲಸ ಮರುದಿನಕ್ಕೆ ಹೋಯಿತು.

ಇಡೀ ಮಳೆಗಾಲ ಕಳೆದರೂ ಬಾನೆಟ್ ಬಿಳಿಚಿಲ್ಲ. ಚೌತಿಯ ಹೊತ್ತಿಗೆ ನೀರಿನ ಹನಿಗಳು ಮೇಲೆ ಗುಂಡಾಗಿ ನಿಲ್ಲದೆ ಹರಡತೊಡಗಿದ್ದರಿಂದ ಇನ್ನೊಮ್ಮೆ ವ್ಯಾಕ್ಸ್ ಹಾಕಿದೆ. ಬಾಗಿಲಿಗೆ ಹೋಲಿಸಿದರೆ ಬಾನೆಟ್ ಒಂದು ಎಳೆ ತಿಳಿಯಾಗಿದೆ, ಟಚಪ್ ಮಾಡಿದ ಗೆರೆ ಹತ್ತಿರ ಹೋದರೆ ಕಾಣುತ್ತದೆ. ಟಾಪಿಗೆ ಕಳೆದ ವಾರ ಬಣ್ಣ ಹೊಡೆಸಿದ್ದೇನೆ. ಒಳಗಿನ ಥಿನ್ನರ್ ಪೂರ್ತಿ ಆರಲು ಕನಿಷ್ಠ ಎರಡು ತಿಂಗಳಾದರೂ ವ್ಯಾಕ್ಸ್ ಹಾಕಬಾರದೆಂದು ಪೇಂಟರ್ ಹೇಳಿರುವುದರಿಂದ ಸಂಕ್ರಾಂತಿಯವರೆಗೆ ಅದನ್ನು ಹಾಗೆಯೇ ಬಿಟ್ಟಿದ್ದೇನೆ, ಕಾರನ್ನು ಮಾತ್ರ ತೆಂಗಿನಮರದ ಬುಡದಿಂದ ದೂರ ನಿಲ್ಲಿಸುತ್ತಿದ್ದೇನೆ.