ಸ್ಟ್ರೆಂಥ್ 78, ಕ್ವಾಲಿಟಿ ಸೊನ್ನಿ: ಕಲಬುರಗಿಯಾಗ ಚಂದನ ಹಿಡಿಯೂದು ಹ್ಯಾಂಗ್ರಿ?

ಬ್ರಹ್ಮಪುರದಾಂವ:
ಶರಣ್ರಿ ಎಲ್ಲರಿಗೂ. ಮಾಳಗಿ ಸೋರ್ತದಂತ ಹಳೀ ಫರಸಿ ಕಿತ್ತಿಸಿ ಕಾಂಕ್ರೀಟ್ ಹಾಕಿಸೀವಿ. ಕೆಲಸದವರು ದೂರದರ್ಶನದ ಫ್ರೀ ಡಿಶ್ (ತಿಂಗಳ ರೊಕ್ಕ ಇಲ್ಲದ್ದು) ಛತ್ರಿ ಬಿಚ್ಚಿ ಮೂಲಿಗೆ ಒಗದಿದ್ರು. ಚಂದನ ಚಾನಲ್ಲಿನ ವಾರ್ತಾ ಇಲ್ಲಂದ್ರ ಅಪ್ಪಾಜಿಗೆ ಊಟ ಸೇರಲ್ಲ. ಮೊದಲ ಒಂದು ಅಂಗಡಿಯಾಗ "ಡಿಜಿಟಲ್ ಆಂಟೆನಾ, ಛತ್ರಿನೇ ಬ್ಯಾಡ" ಅಂತ ಮೀನಿನ ಎಲುಬಿನಂಥಾದ್ದು ಕೊಟ್ರು. ಮೂರು ಸಲ ಸ್ಕ್ಯಾನ್ ಮಾಡಿದೆ, ಒಂದು ಚಾನಲ್ಲೂ ಇಲ್ಲ. ಕಡೀಕ ಛತ್ರಿನೇ ಮತ್ತ ನಿಂದ್ರಿಸಿ, ಬಾಜೂ ಮನಿ ಡಿಶ್ ಯಾ ಕಡಿ ನೋಡ್ತದೋ ಅದೇ ಕಡಿ ತಿರುಗಿಸಿದೆ. ಟಿವಿ ಮ್ಯಾಲ ಸಿಗ್ನಲ್ ಸ್ಟ್ರೆಂಥ್ 78 ಅದ, ಕ್ವಾಲಿಟಿ ಸೊನ್ನಿ. ಕೇಬಲ್ ಹೊಸಾದು. ತಪ್ಪು ಎಲ್ಲದ?

ಜಯನಗರ_ಯಾಗಿ:
ಆಂಟೆನಾನ ಇನ್ನೂ ಎತ್ತರಕ್ಕೆ ಏರಿಸಿ, ಒಂದು ಬೂಸ್ಟರ್ ಹಾಕಿ ನೋಡಿ ಸರ್. ಬೆಂಗಳೂರಲ್ಲಿ ನಮ್ಮ ಮನೆ ಮೇಲೆ ಅಂಥದ್ದೇ ಹಾಕಿ ದೂರದರ್ಶನ ನೋಡಿದ್ದೀವಿ.

ಹಳೇಛತ್ರಿ:
ಯಾಗಿ ಅಣ್ಣಾವ್ರೆ, ಅದು ನಿಮ್ಮೂರ ಮಾತು. 2016ರಾಗ ದೂರದರ್ಶನ 16 ಶಹರದಾಗ ಟವರಿನಿಂದ ಡಿಜಿಟಲ್ ಪ್ರಸಾರ ಸುರು ಮಾಡ್ತು. ಅದರಾಗ ಬೆಂಗಳೂರಿತ್ತು, ಕಲಬುರಗಿ ಇರ್ಲಿಲ್ಲ. ನಮ್ಮ ಟವರಿನ ಹಳೀ ಅನಲಾಗ್ ಪ್ರಸಾರನೂ ನಿಂತು ವರ್ಷಗಟ್ಟಲೆ ಆಯ್ತು. ಬರದೇ ಇರೋ ಸಿಗ್ನಲ್ಲಿಗೆ ಬೂಸ್ಟರ್ ಹಾಕಿದ್ರ ಬರೀ ಗದ್ದಲ ದೊಡ್ಡದಾಗ್ತದ. ಆ ಎಲುಬು ವಾಪಸ್ ಕೊಟ್ಟು ರೊಕ್ಕ ಇಸ್ಕೊಳ್ರಿ.

(ಹೊಟ್ಟಿ ಉರೀತದ ನೋಡ್ರಿ. 1975ರಾಗ ಉಪಗ್ರಹದಿಂದ ಹಳ್ಳಿಗೆ ಟಿವಿ ತೋರ್ಸೋ ಸೈಟ್ ಪ್ರಯೋಗ ಆದಾಗ ಗುಲಬರ್ಗಾ, ರಾಯಚೂರು, ಬಿಜಾಪುರ ಕಡಿ ಹಳ್ಳಿಗೋಳಾಗ ಹತ್ತು ಫೂಟಿನ ಜಾಳಿಗಿ ಛತ್ರಿ ನಿಂತಿದ್ವು. ಬೆಂಗಳೂರಿಗಿಂತ ಮೊದಲ ನಾವು ಟಿವಿ ನೋಡಿದವರು!)

ಈಗ ಅಸಲಿ ಮಾತಿಗೆ ಬರೂನು. ಸ್ಟ್ರೆಂಥ್ ನಂಬಬ್ಯಾಡ್ರಿ. ಛತ್ರಿ ಗ್ವಾಡಿ ಕಡಿ ಮಾಡಿದ್ರೂ ಅದು ಏರ್ತದ, ಎಲ್‌ಎನ್‌ಬಿಗೆ (ಛತ್ರಿ ಮುಂದ ಕೋಲಿನ ತುದಿಗೆ ಇರೋ ಸಿಗ್ನಲ್ ಹಿಡಿಯೋ ಡಬ್ಬಿ) ಕರೆಂಟ್ ಹೋಗ್ಲಕತ್ತದ ಅಂತ ತಿಳೀಬೇಕು, ಅಷ್ಟೇ. ಬಾಕ್ಸಿಗೆ ಬೇಕಾದ ಉಪಗ್ರಹ ಸಿಕ್ತೋ ಇಲ್ಲೋ ಹೇಳೂದು ಕ್ವಾಲಿಟಿ. ಬಾಜೂದವರದು ರೊಕ್ಕ ಕಟ್ಟೋ ಡಿಶ್ ಅಲ್ಲೇನು? ಅದರ ಉಪಗ್ರಹನೇ ಬ್ಯಾರೆ ಇರಬಹುದು. 83 ಡಿಗ್ರಿದು ಇದ್ರ ನಮ್ಮ ಕಡಿಂದ ಅದು ದಕ್ಷಿಣದ ಸಮೀಪ ಕಾಣ್ತದ. ಫ್ರೀ ಡಿಶ್ ಇರೂದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಾಗ. ಕಲಬುರಗಿಗೆ ಲೆಕ್ಕಾ ಹಾಕಿದ್ರ ದಿಕ್ಕು 135 ಡಿಗ್ರಿ, ಅಂದ್ರ ಪಕ್ಕಾ ಆಗ್ನೇಯ. ವಾಸ್ತು ನೋಡಿ ಕಟ್ಟಿದ ಮನಿ ಇದ್ರ ಅಡಗಿಮನಿ ಮೂಲಿ ಕಡಿ ಮಾರಿ ಮಾಡ್ರಿ, ಮುಗೀತು.

ಎತ್ತರ 62 ಡಿಗ್ರಿ. ಆದ್ರ ಈ ಛತ್ರಿ ಆಫ್‌ಸೆಟ್, ಅಂದ್ರ ಸಿಗ್ನಲ್ ಹಿಡಿಯೋ ಡಬ್ಬಿ ನಟ್ಟನಡುವ ಇರಲ್ಲ, ಕೆಳಗ ಇರ್ತದ; ಅದಕ್ಕ ಕಣ್ಣಿಗೆ ನಲವತ್ತರ ಆಸುಪಾಸು ಎತ್ತಿದಂಗ ಕಾಣ್ತದ. ಫೋನಿನ ಕಂಪಾಸ್ ಕಬ್ಬಿಣದ ಸ್ಟ್ಯಾಂಡ್ ಬಾಜೂಕ ಹಿಡೀಬ್ಯಾಡ್ರಿ, ಸುಳ್ಳು ಹೇಳ್ತದ. ಬಾಕ್ಸಿನಾಗ ಫ್ರೀಕ್ವೆನ್ಸಿ 11090, ಪೋಲರೈಜೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಹಾಕ್ರಿ, ಎಲ್‌ಎನ್‌ಬಿ 9750/10600. ಕೇಬಲ್ ಬಿಚ್ಚೂ ಮೊದಲ ಬಾಕ್ಸ್ ಬಂದ್ ಮಾಡ್ರಿ.

ಬ್ರಹ್ಮಪುರದಾಂವ:
ಇವತ್ತ ಮುಂಜಾನೆ ಏಳಕ್ಕೇ ಏರಿದೆ, ಆಮ್ಯಾಲ ಮಾಳಗಿ ಮ್ಯಾಲ ಕಾಲಿಡ್ಲಾಕ ಆಗಲ್ಲ. ತಮ್ಮ ಕೆಳಗ ಟಿವಿ ಮುಂದ ಕುಂತು ಫೋನಿನಾಗ "ಸೊನ್ನಿ, ಸೊನ್ನಿ" ಅನ್ಲಕತ್ತಿದ್ದ. ಒಮ್ಮೆಲೆ "ಬಂತು, ಬಂತು! ಹೋಯ್ತು" ಅಂದ. ಬೆರಳಿನಷ್ಟು ಹಿಂದ ತಂದೆ, ಕ್ವಾಲಿಟಿ 31ಕ್ಕ ನಿಂತದ. ಚಂದನ ಬರ್ತದ, ಆದ್ರ ಮಾರಿ ಎಲ್ಲಾ ಚೌಕ ಚೌಕ ಒಡೀತದ. ಆಗ್ನೇಯಕ್ಕ ಬಾಜೂ ಮನಿ ಬೇವಿನ ಗಿಡ ಅದ, ಅದರಿಂದ ಇರಬಹುದಾ?

ಹಳೇಛತ್ರಿ:
ಗಿಡ ಎಷ್ಟು ದೂರ? 62 ಡಿಗ್ರಿ ಅಂದ್ರ ಬಾಳ ನೆಟ್ಟಗ ಮ್ಯಾಲಿಂದ ಬರ್ತದ. ಛತ್ರಿಗಿಂತ ಹತ್ತು ಫೂಟ್ ಎತ್ತರದ ಗಿಡ ಐದಾರು ಫೂಟಿನ ಒಳಗ ಇದ್ರ ಮಾತ್ರ ಅಡ್ಡ. ಸುಮ್ಮ ಕೊಡಲಿ ತಗೊಂಡು ಜಗಳ ತರಬ್ಯಾಡ್ರಿ. ಎಲ್‌ಎನ್‌ಬಿ ಹ್ಯಾಂಗ ಕುಂದ್ರಿಸೀರಿ?

ಬ್ರಹ್ಮಪುರದಾಂವ:
ಗಿಡ ಮೂವತ್ತು ಫೂಟ್ ದೂರ ಅದ. ಎಲ್‌ಎನ್‌ಬಿ ನೆಟ್ಟಗೇ ಅದರಿ, ಕೇಬಲ್ ಮೂತಿ ಸೀದಾ ಕೆಳಗ. ಚಂದ ಕಾಣ್ಲಿ ಅಂತ.

ಹಳೇಛತ್ರಿ:
ಅಲ್ಲೇ ಅದ ನೋಡ್ರಿ! ಉಪಗ್ರಹ ನಮಗ ನೇರ ದಕ್ಷಿಣಕ್ಕಿಲ್ಲ, ಪೂರ್ವಕ್ಕ ಸರದದ. ಅದರ ಅಲೆ ಇಲ್ಲಿಗೆ ವಾಲಿಕೊಂಡು ಬರ್ತದ. ಎಲ್‌ಎನ್‌ಬಿನೂ ಅಷ್ಟೇ ವಾಲಬೇಕು. ಕ್ಲಾಂಪ್ ಸಡಿಲ ಮಾಡಿ ಎರಡೂ ಕಡಿ ತಿರುಗಿಸಿ ನೋಡ್ರಿ, ಸಾವಕಾಶ. ಬಾಕ್ಸಿಗೆ ತಿಳೀಲಾಕ ಮೂರು ನಾಕು ಸೆಕೆಂಡ್ ಬೇಕು. ಅವಸರ ಮಾಡಿದವರೇ ಛಲೋ ಜಾಗಾ ದಾಟಿ ಹೋಗ್ತಾರ.

ಬ್ರಹ್ಮಪುರದಾಂವ:
31 ಇದ್ದದ್ದು 66 ಆಯ್ತು ಕಾಕಾ! ಛತ್ರಿ ಮುಟ್ಟೇ ಇಲ್ಲ, ಬರೀ ಎಲ್‌ಎನ್‌ಬಿ ಹೊಳ್ಳಿಸಿದ್ದು. ಅಪ್ಪಾಜಿ ವಾರ್ತಾ ನೋಡ್ಲಕತ್ತಾರ. ಒಂದೇ ಒಂದು ಕೊರತೆ, ಕೆಲವು ಚಾನಲ್ ಹೆಸರೇ ಬರವಲ್ವು.

ಹಳೇಛತ್ರಿ:
ಅದು ಛತ್ರಿ ತಪ್ಪಲ್ಲ. ನಿಮ್ಮ ಬಾಕ್ಸ್ ಹಳೀ ಎಂಪೆಗ್-2 (ಚಿತ್ರ ಹಿಂಡಿ ಸಣ್ಣದು ಮಾಡಿ ಕಳಸೋ ಹಳೀ ಪದ್ಧತಿ) ಇರಬೇಕು, ಎಂಪೆಗ್-4 ಚಾನಲ್ ಅದರಾಗ ಬರಲ್ಲ. ಚಂದನ ಸಾಕಂದ್ರ ಬಿಡ್ರಿ. ಇನ್ನೊಂದು, ಮಾರ್ಚ್ ಎರಡನೇ ವಾರದಾಗ, ಅಕ್ಟೋಬರ್ ಸುರುವಿನ್ಯಾಗ ಮುಂಜಾನೆ ಹನ್ನೊಂದರ ಸುಮಾರಿಗೆ ಕೆಲವು ದಿನ ಐದು ಹತ್ತು ಮಿನಿಟ್ ಚಿತ್ರ ಹೋದ್ರ ಮ್ಯಾಲ ಏರಬ್ಯಾಡ್ರಿ. ಸೂರ್ಯ ಉಪಗ್ರಹದ ಹಿಂದ ಬಂದಿರ್ತಾನ, ತಾನೇ ಸರೀತಾನ. ಕನೆಕ್ಟರಿಗೆ ಟೇಪ್ ಸುತ್ತಿ, ನಟ್ ಬಿಗಿ ಮಾಡಿ, ಛತ್ರಿ ಈಗ ಇರೋ ಜಾಗಾಕ್ಕ ಪೇಂಟಿಲೆ ಗೀಟ ಹೊಡೀರಿ. ಮಂಗ್ಯಾ ಜೋತು ಬಿದ್ದು ಜರುಗಿಸಿದ್ರ ಗೀಟಿಗೆ ತಂದು ನಿಂದ್ರಿಸಿದ್ರಾಯ್ತು.

ಬ್ರಹ್ಮಪುರದಾಂವ:
ಬಾಗಿಲಿಗೆ ಹಚ್ಚಿ ಉಳಿದ ನೀಲಿ ಪೇಂಟ್ ಇತ್ತು, ಕಂಬಕ್ಕೊಂದು, ಎಲ್‌ಎನ್‌ಬಿಗೊಂದು ಗೀಟ ಹೊಡದೆ. ಆ ಎಲುಬು ಮಾತ್ರ ಅಂಗಡಿಯವರು ವಾಪಸ್ ತಗೋಲಿಲ್ಲ. ಅವ್ವ ಅದಕ್ಕ ಹಗ್ಗ ಕಟ್ಟಿ ಅರಿವಿ ಒಣ ಹಾಕ್ಯಾಳ.