ಜಿಯೋಕೋಡಿಂಗ್‌ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ ಬೇಕು)

ಸಾಗರದಿಂದ:
ಸಮಾಜ ವಿಜ್ಞಾನದ ಶಿಕ್ಷಕರಿಗೆ ಗೂಗಲ್ ಮೈ ಮ್ಯಾಪ್ಸ್ (ನಮ್ಮದೇ ನಕ್ಷೆ ಮಾಡಿಕೊಳ್ಳುವ ಸಾಧನ) ಬಗ್ಗೆ ನಾಲ್ಕು ಪುಟದ ಕೈಪಿಡಿ ಅಚ್ಚಿಗೆ ಹೋಗುತ್ತಿದೆ. ಶೀಟಿನಲ್ಲಿ ಹೆಸರು, ಊರು, ತಾಲ್ಲೂಕು, ಪಿನ್‌ಕೋಡ್ ತುಂಬಿ, ಇಂಪೋರ್ಟ್ ಒತ್ತಿ, ವಿಳಾಸದ ಕಾಲಂಗಳಿಗೆ ಟಿಕ್ ಹಾಕಿದರೆ ನಕ್ಷೆಯ ಮೇಲೆ ಗುರುತು ಬೀಳುತ್ತದಲ್ಲ, ವಿಳಾಸ ಅಕ್ಷಾಂಶ-ರೇಖಾಂಶವಾಗುವ ಆ ಕೆಲಸಕ್ಕೊಂದು ಪದ ಬೇಕು. ‘ಭೂಸಂಕೇತೀಕರಣ’ ಅಂತ ಬರೆದಿಟ್ಟಿದ್ದೇನೆ, ನಾಲಗೆ ಹೊರಳುತ್ತಿಲ್ಲ.

ತೀರ್ಥಹಳ್ಳಿಯಿಂದ:
ಹೊರಳಬಾರದು ಕೂಡ. ‘ಈಕರಣ’ದ ಚಟ ಇನ್ನಾದರೂ ಬಿಡಿ. ‘ನೆಲೆ ಹಚ್ಚು’ ಅನ್ನಿ. ನಿಲ್ಲು, ನೆಲೆ, ನೆಲಸು ಎಲ್ಲ ಒಂದೇ ಬೇರಿನವು. ಪತ್ತೆ ಹಚ್ಚುವ ಜನಕ್ಕೆ ನೆಲೆ ಹಚ್ಚುವುದು ಕಷ್ಟವೇ?

ಹೊಸನಗರದಿಂದ:
ಪದ ಹಾಗಿರಲಿ, ಅದು ನೆಲೆ ಹಚ್ಚಿದರೆ ತಾನೆ? ಬರೀ ‘ಸಾಗರ’ ಅಂತಿದ್ದರೆ ಗುರುತು ಮಧ್ಯಪ್ರದೇಶದ ಸಾಗರಕ್ಕೆ ಹಾರಬಹುದು. ಜಿಲ್ಲೆ, ರಾಜ್ಯಕ್ಕೆ ಬೇರೆ ಬೇರೆ ಕಾಲಂ ಇರಲಿ. ನಮ್ಮದು ಒಂಟಿಮನೆಗಳ ಸೀಮೆ; ಊರು, ಅಂಚೆ, ತಾಲ್ಲೂಕು ಇಷ್ಟೇ ಇರುವ ವಿಳಾಸಗಳು ಒಂದೇ ಜಾಗಕ್ಕೆ ಬಿದ್ದು, ಹತ್ತು ಗುರುತಿದ್ದರೂ ಮೇಲಿನದೊಂದೇ ಕಾಣುತ್ತದೆ. ಅಂಥವಕ್ಕೆ ಫೋನಿನ ಮ್ಯಾಪಿನಲ್ಲಿ ಜಾಗವನ್ನು ಒತ್ತಿ ಹಿಡಿದು, ಬರುವ ಎರಡು ಅಂಕಿಗಳನ್ನು ಎರಡು ಕಾಲಂಗೆ ಹಾಕಿ. ಶಿವಮೊಗ್ಗ ಅಂದರೆ 13.93, 75.57. ಅಕ್ಷಾಂಶ-ರೇಖಾಂಶ ಅದಲುಬದಲಾದರೆ ಗುರುತು ನಾರ್ವೆಯಾಚೆ ಸಮುದ್ರದಲ್ಲಿ ತೇಲುತ್ತದೆ. ಶೀಟನ್ನು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಕಡತ) ಮಾಡುವುದಾದರೆ ಯುಟಿಎಫ್-8ರಲ್ಲೇ (ಎಲ್ಲ ಲಿಪಿಗೂ ಒದಗುವ ಅಕ್ಷರ ಸಂಕೇತ) ಉಳಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ನಕ್ಷೆಯ ಒಂದು ಪದರಕ್ಕೆ (ಲೇಯರ್) 2,000 ಸಾಲು ಮಿತಿ, ಶಾಲೆಗೆ ಧಾರಾಳವಾಯಿತು. ಮಕ್ಕಳ ಮನೆ ವಿಳಾಸ ಮಾತ್ರ ಹಾಕಿಸಬೇಡಿ, ಲಿಂಕ್ ಎಲ್ಲೆಲ್ಲಿಗೋ ಹೋಗುತ್ತದೆ. ಅಂಚೆ ಕಚೇರಿ, ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ ಸಾಕು.
ಪದದ ಬಗ್ಗೆ: ಜಿಯೋಕೋಡಿಂಗ್ ಅಂತಲೇ ಬಿಡಿ.

ತೀರ್ಥಹಳ್ಳಿಯಿಂದ:
ಹೀಗೆ ಬಿಡುತ್ತಾ ಹೋದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಹೊಸನಗರದಿಂದ:
‘ತಾಲ್ಲೂಕು’ ಅರಬ್ಬಿ ಮೂಲದ್ದು. ‘ವಿಳಾಸ’ ಸಂಸ್ಕೃತದ್ದು, ಅಲ್ಲಿ ಅದಕ್ಕೆ ಈ ಅರ್ಥವೇ ಇಲ್ಲ. ‘ಪಿನ್‌ಕೋಡ್’ 1972ರಿಂದ ಲಕೋಟೆ ಮೇಲಿದೆ. ಮೊದಲು ಯಾವುದನ್ನು ಓಡಿಸುತ್ತೀರಿ ಸ್ವಾಮಿ?

ಸಾಗರದಿಂದ:
‘ನೆಲೆ ಹಚ್ಚುವುದು’ ಅಂತ ಹಾಕುತ್ತೇನೆ, ಮೊದಲ ಸಲ ಮಾತ್ರ ಪಕ್ಕದಲ್ಲಿ ಜಿಯೋಕೋಡಿಂಗ್. ಇಂಪೋರ್ಟ್ ಆದ ಮೇಲೆ ನಕ್ಷೆಗೆ ಬಾರದೆ ಉಳಿದವನ್ನು ‘ನೆಲೆ ಸಿಗದ ಸಾಲು’ ಅನ್ನಬಹುದು. ಟೇಬಲ್ ತೆರೆದು ಅವನ್ನಷ್ಟೇ ತಿದ್ದಿದರಾಯಿತು. ಇಬ್ಬರಿಗೂ ವಂದನೆ.

ತೀರ್ಥಹಳ್ಳಿಯಿಂದ:
‘ಸಾಲು’ ಸರಿ. ‘ಕಾಲಂ’ ಯಾಕೆ? ‘ಕಂಬಸಾಲು’ ಇದೆಯಲ್ಲ.